ಹಿಮದ ನಾಡಿಗೆ ಕ್ಯಾಮೆರಾ ಹಿಡಿದು ಹೊರಟವನಿಗೆ

ಹಿಮಚಿರತೆಯ ಫೋಟೊ ತೆಗೆಯಲು ಫೆಬ್ರವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೀಯೆಂದು ನಿಮ್ಮಪ್ಪ ಹೇಳಿದರು. ಬಹಳ ಸಂತೋಷವಾಯಿತು ಕಣಪ್ಪ. ನಮ್ಮ ಹೊಸ ಅಗ್ರಹಾರದ ಗದ್ದೆ ಬದುಗಳಲ್ಲಿ ಕೊಕ್ಕರೆ, ಮಿಂಚುಳ್ಳಿಗಳ ಹಿಂದೆ ಅಲೆದು ಕಲಿತವನು ಅಷ್ಟು ದೂರ ಹೋಗುತ್ತಿದ್ದೀಯ. ಹೊರಡುವ ಮುಂಚೆ ಒಂದು ಮಾತು ಕಿವಿಗೆ ಹಾಕಿಕೊ. ಅಲ್ಲಿ ಚಳಿ ಕೆಡಿಸುವುದಕ್ಕಿಂತ ಹೆಚ್ಚಾಗಿ ನಮ್ಮ ಅವಸರವೇ ಕೆಡಿಸುತ್ತದೆ. ಕ್ಯಾಮೆರಾಕ್ಕೂ ಇದೇ ಮಾತು, ಮೈಗೂ ಇದೇ ಮಾತು.

ಮೊದಲು ಮೈಯ ವಿಷಯ. ಮಾಗಿ ಚಳಿಯಲ್ಲಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೇ ನಾವು ಕಂಬಳಿ ಹೊದ್ದು ಒಲೆ ಮುಂದೆ ಕೂರುವವರು. ನೀನು ಹೋಗುತ್ತಿರುವ ಕಿಬ್ಬರ್ ಸುಮಾರು 14,000 ಅಡಿ ಎತ್ತರದ ಊರು. ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ಚಳಿಯ ಜತೆಗೆ ಗಾಳಿಯೂ ತೆಳು. ಮನಾಲಿ ಕಡೆಯ ಕುಂಜುಮ್ ಕಣಿವೆದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೇಲೆ ಹೋಗುವ ದಾರಿಯೇ ಗತಿ. ಅದೇ ಒಳ್ಳೆಯದು ಕೂಡ, ಏಕೆಂದರೆ ಆ ದಾರಿ ಸ್ವಲ್ಪಸ್ವಲ್ಪವೇ ಏರುತ್ತದೆ. ನಡುವೆ ತಂಗಿ ತಂಗಿ ಹೋಗು. ಸ್ಪಿತಿಯ ಮುಖ್ಯ ಊರಾದ ಕಾಜಾ ತಲುಪಿದ ಮೇಲೆ ಒಂದೆರಡು ದಿನ ಸುಮ್ಮನೆ ಇದ್ದುಬಿಡು. ತಲೆನೋವು, ವಾಕರಿಕೆ ಇದ್ದರೆ ಇನ್ನೂ ಮೇಲಕ್ಕೆ ಹತ್ತಬೇಡ. ಜಾಸ್ತಿಯಾದರೆ ಕೆಳಗಿಳಿಯುವುದೇ ಮದ್ದು. ರಜೆ ಮುಗಿದುಹೋಗುತ್ತದೆಂದು ಓಡಿದವರಿಗೆ ಆ ಎತ್ತರ ದಯೆ ತೋರುವುದಿಲ್ಲ.

ಇನ್ನು ಬ್ಯಾಟರಿ. ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣದಲ್ಲಿ ಅಯಾನುಗಳ ಓಡಾಟ ಚಳಿಗೆ ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಬೆಳಿಗ್ಗೆ ತುಂಬಿದ್ದ ಬ್ಯಾಟರಿ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಖಾಲಿ ಎಂದು ತೋರಿಸುತ್ತದೆ. ಗಾಬರಿಯಾಗಿ ಅದನ್ನು ಚೀಲದ ಮೂಲೆಗೆ ಎಸೆಯಬೇಡ. ಅಂಗಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊ. ಬೆಚ್ಚಗಾದ ಮೇಲೆ ಅದೇ ಬ್ಯಾಟರಿ ಮತ್ತೆ ಕೆಲಸ ಮಾಡುತ್ತದೆ. ಮೂರು ನಾಲ್ಕು ಬ್ಯಾಟರಿ ಇಟ್ಟುಕೊಂಡು ಜೇಬಿಗೂ ಕ್ಯಾಮೆರಾಕ್ಕೂ ಸರದಿಯಂತೆ ಹಾಕುತ್ತಿರು. ಕೋಣೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಬೇಡ. ಸೊನ್ನೆಗಿಂತ ತಣ್ಣಗಿರುವ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಳಗೆ ಲೋಹದ ಪದರ ಕಟ್ಟಿ ಅದು ಶಾಶ್ವತವಾಗಿ ಕೆಡುತ್ತದೆ.

ಬಹಳ ಜನ ಕ್ಯಾಮೆರಾ ಹಾಳು ಮಾಡಿಕೊಳ್ಳುವುದು ಹೊರಗಿನ ಹಿಮದಲ್ಲಲ್ಲ, ಒಳಗಿನ ಬೆಚ್ಚನೆ ಕೋಣೆಯಲ್ಲಿ. ದಿನವೆಲ್ಲ ಹೆಪ್ಪುಗಟ್ಟುವ ಗಾಳಿಯಲ್ಲಿದ್ದ ಕ್ಯಾಮೆರಾವನ್ನು ತಂದು ಬುಖಾರಿ ಎಂಬ ಕಬ್ಬಿಣದ ಒಲೆ ಉರಿಯುವ ಕೋಣೆಯಲ್ಲಿ ಇಟ್ಟರೆ, ಜನರ ಉಸಿರು, ಕುದಿಯುವ ಚಹಾದ ಆವಿ ಎಲ್ಲ ಆ ತಣ್ಣನೆ ಲೋಹದ ಮೇಲೆ ನೀರಾಗಿ ಕೂರುತ್ತದೆ. ಲೆನ್ಸಿನ ಹೊರಗಷ್ಟೇ ಅಲ್ಲ, ಒಳಗಿನ ಗಾಜಿಗೂ ಸರ್ಕ್ಯೂಟಿಗೂ ಕೂರುತ್ತದೆ. ಅದೇ ಕ್ಯಾಮೆರಾ ಹಿಡಿದು ಮತ್ತೆ ಹೊರಗೆ ಓಡಿದರೆ ಆ ನೀರು ಮಂಜುಗಡ್ಡೆಯಾಗುತ್ತದೆ. ಬಾಗಿಲ ಹೊರಗೆ ನಿಂತಿರುವಾಗಲೇ ಮೆಮೊರಿ ಕಾರ್ಡ್ ತೆಗೆದುಕೊಂಡುಬಿಡು, ಆಮೇಲೆ ಚಿತ್ರ ನೋಡುವ ಆಸೆಗೆ ಚೀಲ ಬಿಚ್ಚುವುದು ತಪ್ಪುತ್ತದೆ. ಕ್ಯಾಮೆರಾವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಬಾಯಿ ಬಿಗಿದು ಒಳಗೆ ತಾ. ನೀರು ಕೂತರೂ ಚೀಲದ ಮೇಲೆ ಕೂರುತ್ತದೆ. ಎರಡು ಮೂರು ಗಂಟೆ ಮುಟ್ಟಬೇಡ. ಒಲೆಯಿಂದ ದೂರದ ಮೂಲೆಯಲ್ಲಿ ಇಡು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದ ಮಾಡುವುದನ್ನು ನೀನು ನೋಡಿದ್ದೀಯ. ಶಾಖವನ್ನು ದಿನದಿನಕ್ಕೆ ಇಷ್ಟಿಷ್ಟೇ ಏರಿಸುತ್ತಾರೆ, ಒಮ್ಮೆಲೇ ಉರಿ ಹೆಚ್ಚಿಸಿದರೆ ಸೊಪ್ಪು ಬಣ್ಣಗೆಡುತ್ತದೆ. ಕ್ಯಾಮೆರಾ ಬೆಚ್ಚಗಾಗುವುದಕ್ಕೂ ಅದೇ ತಾಳ್ಮೆ ಬೇಕು.

ಬೆರಳಿಗೂ ಹಾಗೆಯೇ. ತೆಳುವಾದ ಒಂದು ಗ್ಲೌಸ್, ಅದರ ಮೇಲೆ ದಪ್ಪನೆಯ ಇನ್ನೊಂದು ಹಾಕಿಕೊ. ಬಟನ್ ಒತ್ತುವಾಗ ಮೇಲಿನದನ್ನು ಮಾತ್ರ ತೆಗೆ, ಬರಿಗೈ ಮಾಡಬೇಡ. ಟ್ರೈಪಾಡಿನ ಕಾಲಿಗೆ ಸ್ಪಂಜು ಸುತ್ತಿಕೊಂಡು ಹೋಗು, ಆ ಚಳಿಯಲ್ಲಿ ಲೋಹ ಚರ್ಮಕ್ಕೆ ಅಂಟಿಕೊಳ್ಳುತ್ತದೆ. 1910ರಲ್ಲಿ ಧ್ರುವಯಾತ್ರಿ ಸ್ಕಾಟ್‌ನ ತಂಡದ ಜತೆ ಅಂಟಾರ್ಕ್ಟಿಕಾಕ್ಕೆ ಹೊರಟ ಹರ್ಬರ್ಟ್ ಪಾಂಟಿಂಗ್ ದೊಡ್ಡ ಛಾಯಾಗ್ರಾಹಕ. ಅಲ್ಲಿ ಕೆಲಸ ಮಾಡುವಾಗ ಕ್ಯಾಮೆರಾದ ಲೋಹದ ಭಾಗಕ್ಕೆ ಅವನ ನಾಲಗೆ ತಾಗಿ ಅಂಟಿಕೊಂಡು, ಕಿತ್ತುಕೊಂಡಾಗ ಚರ್ಮವೇ ಹೋಯಿತು. ಬೆರಳ ತುದಿ, ಮೂಗು, ಕಿವಿ ಬೆಳ್ಳಗಾಗಿ ಜೋಮು ಹಿಡಿದರೆ ಚಿತ್ರ ಬಿಟ್ಟು ಒಳಗೆ ಹೋಗು. ಉಜ್ಜಬೇಡ, ಬೆಂಕಿಗೆ ಹಿಡಿಯಬೇಡ. ಮರಗಟ್ಟಿದ ಬೆರಳಿಗೆ ಸುಡುವುದೂ ಗೊತ್ತಾಗುವುದಿಲ್ಲ. ಮೈಶಾಖಕ್ಕಿಂತ ತುಸು ಹೆಚ್ಚು ಬೆಚ್ಚಗಿರುವ ನೀರಿನಲ್ಲಿ ಅದ್ದಿಟ್ಟು, ಡಾಕ್ಟರಿಗೆ ತೋರಿಸು.

ಈಗ ಚಿತ್ರದ ಮಾತು. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದಿ ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಅದರ ಮಾತು ಕೇಳಿದರೆ ಹಿಮ ಮಸಿ ಬಳಿದಂತೆ ಬರುತ್ತದೆ. ಒಂದರಿಂದ ಎರಡು ಸ್ಟಾಪ್ ಹೆಚ್ಚಿಗೆ ಬೆಳಕು ಕೊಡು, ಹಿಸ್ಟೋಗ್ರಾಮ್ ಬಲಗೋಡೆಗೆ ಗುದ್ದದಂತೆ ನೋಡಿಕೊ. ಹಿಂದಿನ ಪರದೆಯನ್ನೇ ನಂಬಬೇಡ, ಚಳಿಗೆ ಅದೂ ಮಂದವಾಗುತ್ತದೆ. ನೆರಳಿನ ಹಿಮ ನೀಲಿಯಾಗಿ ಕಾಣುವುದು ಆಕಾಶದ ಬೆಳಕು ಬಿದ್ದು. ಅದನ್ನು ಪೂರ್ತಿ ಅಳಿಸಿ ಬೆಳ್ಳಗೆ ಮಾಡಬೇಡ, ಚಳಿ ಕಾಣುವುದೇ ಆ ನೀಲಿಯಲ್ಲಿ. ವ್ಯೂಫೈಂಡರಿನ ಮೇಲೆ ಉಸಿರು ಬಿಡಬೇಡ, ಮಂಜುಗಡ್ಡೆ ಕಟ್ಟುತ್ತದೆ. ಇದನ್ನೆಲ್ಲ ಅಲ್ಲಿಗೆ ಹೋಗಿ ಕಲಿಯಬೇಕಿಲ್ಲ. ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆಗೆ ಮುಂಜಾನೆಯೇ ಹೋಗು. ಕಾವೇರಿಯ ಮೇಲೆ ಮಂಜು ಎದ್ದಿರುವಾಗ, ಬೆಳ್ಳನೆಯ ಎತ್ತುಗಳ ಮೈಮೇಲೆ ಎಳೆಬಿಸಿಲು ಬೀಳುವಾಗ, ಕೈಗೆ ಗ್ಲೌಸ್ ಹಾಕಿಕೊಂಡೇ ಚಿತ್ರ ತೆಗೆದು ನೋಡು. ಯಾವ ಬಟನ್ ಎಲ್ಲಿದೆ ಎಂದು ಬೆರಳು ನೋಡದೆಯೇ ಹೇಳಬೇಕು.

ಹಿಮಚಿರತೆಗಳು ಚಳಿಗಾಲದಲ್ಲಿ ತಮ್ಮ ಬೇಟೆಯಾದ ನೀಲಿಕುರಿ, ಐಬೆಕ್ಸ್‌ಗಳ ಹಿಂದೆ ಕೆಳಗಿನ ಇಳಿಜಾರುಗಳಿಗೆ ಬರುತ್ತವೆ. 2024ರಲ್ಲಿ ಪ್ರಕಟವಾದ ಗಣತಿಯಂತೆ ಇಡೀ ದೇಶದಲ್ಲಿ ಇರುವುದು ಸುಮಾರು 718. ನಮ್ಮ ಮೈಸೂರಿನಲ್ಲೇ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಬಹಳ ವರ್ಷಗಳಿಂದ ಕಿಬ್ಬರ್ ಜನರ ಜತೆ ಸೇರಿ ಅವುಗಳ ಉಳಿವಿಗೆ ದುಡಿದಿದೆ. ಮೇವಿಗೆ ಸ್ವಲ್ಪ ಜಾಗ ನೀಲಿಕುರಿಗಳಿಗೆಂದೇ ಬಿಟ್ಟುಕೊಟ್ಟವರು, ಸಾಕಿದ ದನ ಚಿರತೆ ಬಾಯಿಗೆ ಹೋದರೂ ಅದನ್ನು ಉಳಿಯಗೊಟ್ಟವರು ಆ ಊರಿನವರು. ಅವರ ದುಡಿಮೆಯ ಮೇಲೆ ನಿನ್ನ ಚಿತ್ರ ನಿಲ್ಲುತ್ತದೆ. ಚಿರತೆಯ ಹತ್ತಿರಕ್ಕೆ ನುಗ್ಗಬೇಡ. ಬೇಟೆ ಬಿಟ್ಟು ಎದ್ದುಹೋದರೆ ಆ ಚಳಿಯಲ್ಲಿ ಮತ್ತೊಂದು ಬೇಟೆ ಸಿಗುವವರೆಗೆ ಅದು ಹಸಿದೇ ಇರಬೇಕು.

ಕೊನೆಯ ಮಾತು ಹೇಳುವಾಗ ಮನಸ್ಸು ಭಾರವಾಗುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ 10 ಯೋಧರ ಮೇಲೆ ಹಿಮ ಕುಸಿಯಿತು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಹಿಮದಡಿ ಹೋದವರಲ್ಲಿ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಮಹೇಶ ಕೂಡ ಇದ್ದರು. ಅವರು ಕರ್ತವ್ಯಕ್ಕೆ ಅಲ್ಲಿದ್ದರು, ಹಿಂದಿರುಗುವ ಆಯ್ಕೆ ಅವರಿಗಿರಲಿಲ್ಲ. ನಿನಗಿದೆ. ಕಿಬ್ಬರ್‌ನ ದಾರಿ ತೋರಿಸುವವನು ಇಳಿಜಾರು ನೋಡಿ ಇವತ್ತು ಬೇಡ ಎಂದರೆ, ಲೆನ್ಸ್ ಎದುರು ಏನೇ ಇದ್ದರೂ ಅವನ ಹಿಂದೆ ವಾಪಸ್ ಬಾ. ಆ ಹಿಮವನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದಾನೆ, ನಾವು ನೋಡಿಲ್ಲ.

ಚಿತ್ರ ಸಿಗದೆ ಬಂದರೂ ಯಾರೂ ನಿನ್ನನ್ನು ಕಡಿಮೆ ಎನ್ನುವುದಿಲ್ಲ, ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗಬಹುದು. ಹತ್ತು ಬೆರಳೂ ಗಟ್ಟಿಯಾಗಿದ್ದು ಬಂದರೆ ಮಾತ್ರ ಆ ಮುಂದಿನ ಸಲ ಇರುತ್ತದೆ. ಹೋಗಿಬಾ, ಒಳ್ಳೆಯದಾಗಲಿ.