ಮಗಳ ಸೈಕಲ್ಲು, ಅಪ್ಪನ ಹೆದರಿಕೆ

ಅಕ್ಕಾ, ನಮ್ಮದು ಪಟ್ಟದಕಲ್ಲು. ಮನೆಯವರು ಹೈಸ್ಕೂಲ್ ಮಾಸ್ತರು. ಮಗಳಿಗೆ ಹದಿನೇಳು, ಪಿಯುಸಿ ಮೊದಲ ವರ್ಷ. ಸಣ್ಣಾಕಿ ಇದ್ದಾಗಿಂದ ಸೈಕಲ್ ರೇಸಿನ ಹುಚ್ಚು. ಜಿಲ್ಲೆಗೆ ಗೆದ್ದು ರಾಜ್ಯಮಟ್ಟಕ್ಕೂ ಹೋಗಿಬಂದಳು. ಹೋದ ಕಬ್ಬಿನ ಸೀಜನ್ನಿನಲ್ಲಿ ಬೆಳಗಿನ ಜಾವ ಬಾದಾಮಿ ರಸ್ತೆಯಲ್ಲಿ ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬು ತಾಗಿ ಬಿದ್ದು ಕಾಲರ್‌ಬೋನ್ ಮುರಿಯಿತು. ಈಗ ಕೂಡಿದೆ. ಮನೆಯವರು ಮಾತ್ರ "ಇನ್ ಮ್ಯಾಲ ರಸ್ತೇಕ ಇಳಿಯೂದು ಬ್ಯಾಡ" ಅಂದುಬಿಟ್ಟರು. ಮಗಳು ಮನೆಯೊಳಗೇ ಸೈಕಲ್ ಹೊಡೆಯುವ ಸ್ಮಾರ್ಟ್ ಟ್ರೈನರ್ ಕೇಳಿದಳು. ಅರವತ್ತು ಸಾವಿರದ ಹತ್ತಿರ ಅಂತೆ. ಇವರು ಒಂದೇ ಮಾತಿಗೆ ಒಪ್ಪಿದರು. ಜಗಳವೇ ಆಗಲಿಲ್ಲ, ಅದಕ್ಕೇ ನನಗೆ ಹೊಟ್ಟೆಯಲ್ಲಿ ತಳಮಳ. ನಮ್ಮ ಅತ್ತೆ ಬೇರೆ, "ಗಾಣದ ಎತ್ತು ಸುತ್ತರ ತಿರಗತೈತಿ, ಇದು ಕುಂತಲ್ಲೇ ತುಳಿಯೂದಕ್ಕ ಅಷ್ಟ್ ರೊಕ್ಕಾನ?" ಅನ್ನುತ್ತಾರೆ. ಮಗನ ಇಂಜಿನಿಯರಿಂಗ್ ಫೀಸೂ ಕಟ್ಟಬೇಕು. ಕೊಡಿಸಲೋ ಬೇಡವೋ? ಕೊಡಿಸಿದರೆ ಎಂಥದ್ದು, ಎಲ್ಲಿ ಇಡಬೇಕು?

— ಒಬ್ಬ ತಾಯಿ, ಪಟ್ಟದಕಲ್ಲು

ತಂಗಿ,

ನಿಮ್ಮ ತಳಮಳ ಸರಿಯಾಗಿಯೇ ಇದೆ. ಅಪ್ಪ ಮಗಳು ಇಬ್ಬರೂ ಒಂದೇ ಯಂತ್ರಕ್ಕೆ ಹೂಂ ಅಂದಿದ್ದಾರೆ, ಆದರೆ ಕಾರಣ ಒಂದೇ ಅಲ್ಲ. ಅವರು ತರುತ್ತಿರುವುದು ರಸ್ತೆ ಬಿಡಿಸಲು. ಅವಳು ಕೇಳುತ್ತಿರುವುದು ರಸ್ತೆಗೆ ಮರಳಲು. ಇದನ್ನು ಈಗ ಬಾಯಿಬಿಟ್ಟು ಮಾತಾಡದೆ ರೊಕ್ಕ ಕೊಟ್ಟರೆ, ಅವಳು ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಬಂದ ದಿನ ಜಗಳ ಶುರುವಾಗುತ್ತದೆ. ಆಗ ಮಾಸ್ತರರ ಮೊದಲ ಮಾತು "ಮತ್ತ ಅಷ್ಟು ರೊಕ್ಕಾ ಹಾಕಿ ತಂದದ್ದು ಯಾಕ?" ಎಂದೇ ಇರುತ್ತದೆ. ಆದ್ದರಿಂದ ಯಂತ್ರದ ಸುದ್ದಿಗೆ ಮೊದಲು ಈ ಸುದ್ದಿ.

ಅವರ ಹೆದರಿಕೆಯನ್ನು ನಾನು ಸಣ್ಣದು ಅನ್ನುವುದಿಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ರಸ್ತೆಗಳು ಹೇಗಿರುತ್ತವೆ ಅಂತ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಕಡೆ ಚಾಚಿದ ಕಬ್ಬು, ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ಮಬ್ಬುಗತ್ತಲೆಯಲ್ಲಿ ಅಂಥ ಗಾಡಿಯ ಪಕ್ಕ ತೆಳ್ಳನೆಯ ಟೈರಿನ ಸೈಕಲ್ಲಿನಲ್ಲಿ ಹೋಗುವುದು ಧೈರ್ಯದ ಮಾತಲ್ಲ, ಬೇಡದ ಮಾತು. ಆದರೆ ಅದು ವರ್ಷದಲ್ಲಿ ಕೆಲವು ತಿಂಗಳ, ದಿನದಲ್ಲಿ ಕೆಲವು ಗಂಟೆಯ ಅಪಾಯ. ಅದಕ್ಕೆ ಹನ್ನೆರಡು ತಿಂಗಳು ಬಾಗಿಲು ಹಾಕುವುದು ಲೆಕ್ಕಕ್ಕೆ ಕೂಡುವುದಿಲ್ಲ. ಇನ್ನೊಂದನ್ನೂ ಕೇಳಿಬಿಡುತ್ತೇನೆ, ಸಿಟ್ಟಾಗಬೇಡಿ: ಬಿದ್ದವನು ಮಗನಾಗಿದ್ದರೆ "ಇನ್ ಮ್ಯಾಲ ಬ್ಯಾಡ" ಅನ್ನುತ್ತಿದ್ದರೇ?

ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್ ಎಂಬ ಸೈಕಲ್ ಪಟುವಿನ ಕಥೆಯನ್ನು ಮಾಸ್ತರರಿಗೆ ಹೇಳಿ. 2016ರ ಫೆಬ್ರುವರಿ ಕೊನೆಯಲ್ಲಿ ಬೆಲ್ಜಿಯಂನ ಒಂದು ರೇಸಿನಲ್ಲಿ ಬಿದ್ದು ಅವನ ಮುಂಗೈ ಎಲುಬು ಮುರಿಯಿತು. ಮನೆಯ ಗ್ಯಾರೇಜಿನಲ್ಲಿ ಇಂಥದೇ ಟ್ರೈನರಿನ ಮೇಲೆ ವಾರಗಟ್ಟಲೆ ತುಳಿದ. ಏಪ್ರಿಲ್ 10ಕ್ಕೆ ಕಲ್ಲುಹಾಸಿನ ಹಾದಿಗೆ ಹೆಸರಾದ ಪ್ಯಾರಿಸ್–ರೂಬೇ ರೇಸನ್ನು ಗೆದ್ದ. ಆಗ ಅವನಿಗೆ 37 ವರ್ಷ. ಈ ಕಥೆಯನ್ನು ಯಂತ್ರ ಮಾರುವವರು ಅರ್ಧ ಮಾತ್ರ ಹೇಳುತ್ತಾರೆ. ಗ್ಯಾರೇಜು ಅವನ ಕಾಲಿನ ಕಸುವನ್ನು ಉಳಿಸಿತು, ನಿಜ. ಆದರೆ ಆ ಕಲ್ಲಿನ ಮೇಲೆ ಸೈಕಲ್ ಹಿಡಿಯುವುದನ್ನು ಅವನು ಅದೇ ರೇಸಿನಲ್ಲಿ ವರ್ಷವರ್ಷ ಓಡಿಸಿ ಕಲಿತಿದ್ದ. ತಿರುವಿನಲ್ಲಿ ವಾಲುವುದು, ಬ್ರೇಕ್ ಹದವಾಗಿ ಹಿಡಿಯುವುದು, ಗುಂಪಿನಲ್ಲಿ ಒಂದು ಗೇಣು ಅಂತರದಲ್ಲಿ ಮುಂದಿನವರ ಗಾಲಿ ಹಿಡಿದು ಹೋಗುವುದು, ಎದುರುಗಾಳಿ, ಇವು ಯಾವುವೂ ಪಡಸಾಲೆಯಲ್ಲಿ ಬರುವುದಿಲ್ಲ. ಒಂದು ವರ್ಷ ಮನೆಯೊಳಗೇ ತುಳಿದು ನೇರ ರೇಸಿಗೆ ಹೋದ ಹುಡುಗಿ, ಕಾಲಿನಲ್ಲಿ ಬಲವಿದ್ದೂ ಮೊದಲ ತಿರುವಿನಲ್ಲೇ ಬೀಳುವ ಸಂಭವ ಹೆಚ್ಚು. ಮಾಸ್ತರರು ಯಾವುದಕ್ಕೆ ಹೆದರುತ್ತಾರೋ ಅದಕ್ಕೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಹಾಗಾಗಿ ಒಪ್ಪಂದ ಹೀಗಿರಲಿ. ಕಬ್ಬಿನ ಸೀಜನ್ನಿನಲ್ಲಿ ವಾರದ ದಿನಗಳು ಮನೆಯೊಳಗೆ. ರವಿವಾರ ಚೆನ್ನಾಗಿ ಬೆಳಕು ಹರಿದ ಮೇಲೆ ರಸ್ತೆಗೆ, ಹಿಂದೆ ಮಾಸ್ತರರು ಬೈಕಿನ ಮೇಲೆ. ಐಹೊಳೆ ಕಡೆಯೋ ಬಾದಾಮಿ ಕಡೆಯೋ, ಆ ವಾರ ಯಾವ ದಾರಿಯಲ್ಲಿ ಕಬ್ಬು ಕಡಿಮೆ ಎಂದು ಊರ ಕಟ್ಟೆಯ ಮೇಲೆ ಕೇಳಿದರೆ ತಿಳಿಯುತ್ತದೆ. ಸೀಜನ್ ಮುಗಿದ ಮೇಲೆ ರಸ್ತೆಯ ದಿನಗಳನ್ನು ಹೆಚ್ಚಿಸಿ. ಇದಕ್ಕೆ ಅವರು ಒಪ್ಪದಿದ್ದರೆ ಯಂತ್ರ ತರಲೇಬೇಡಿ. ಒಪ್ಪಿದರೆ ಮುಂದೆ ಓದಿ.

"ಸ್ಮಾರ್ಟ್" ಅಂದರೆ ಏನು? ಸಾದಾ ಟ್ರೈನರಿನಲ್ಲೂ ತುಳಿಯಬಹುದು, ಬೆವರೂ ಬರುತ್ತದೆ. ಸ್ಮಾರ್ಟ್ ಆದದ್ದು ಕಾಲು ಎಷ್ಟು ಶಕ್ತಿ ಹಾಕುತ್ತಿದೆ ಎಂದು ವ್ಯಾಟ್ ಲೆಕ್ಕದಲ್ಲಿ ಅಳೆದು ಫೋನಿಗೆ ಹೇಳುತ್ತದೆ. ಫೋನಿನಲ್ಲಿ ಏರು ಬಂದರೆ ಒಳಗಿನ ವಿದ್ಯುತ್ ಅಯಸ್ಕಾಂತದಿಂದ ತಾನೇ ಬಿಗಿಯಾಗುತ್ತದೆ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಹಿಂದಿನ ಗಾಲಿ ಇದ್ದಂತೆಯೇ ಇರುತ್ತದೆ, ಟೈರು ಒಂದು ರೋಲರಿಗೆ ಒತ್ತಿಕೊಂಡು ತಿರುಗುತ್ತದೆ. ಬೆಲೆ ಕಡಿಮೆ, ಆದರೆ ಟೈರು ಸವೆಯುತ್ತದೆ, ಸದ್ದು ಹೆಚ್ಚು, ಟೈರಿನ ಗಾಳಿ ಇಳಿದಂತೆ ಲೆಕ್ಕವೂ ಏರುಪೇರು. ಇನ್ನೊಂದರಲ್ಲಿ ಹಿಂದಿನ ಗಾಲಿಯನ್ನೇ ತೆಗೆದು, ಚೈನನ್ನು ನೇರವಾಗಿ ಯಂತ್ರದ ಮೇಲಿನ ಹಲ್ಲುಚಕ್ರಗಳಿಗೆ ಹಾಕುತ್ತಾರೆ. ಇದಕ್ಕೆ ಡೈರೆಕ್ಟ್ ಡ್ರೈವ್ ಅನ್ನುತ್ತಾರೆ. ವಾಹೂ ಕಂಪನಿಯ ಕಿಕ್ಕರ್ ಕೋರ್ ಈ ಬಗೆಯದು. ವ್ಯಾಟಿನ ಲೆಕ್ಕ ಶೇ. 2ರಷ್ಟು ಮಾತ್ರ ಹಿಂದೆಮುಂದೆ ಆಗಬಹುದು ಎಂದು ಕಂಪನಿ ಹೇಳುತ್ತದೆ. ರೇಸಿಗೆ ತಯಾರಾಗುವ ಹುಡುಗಿಗೆ ತರುವುದೇ ಆದರೆ ನಾನು ಎರಡನೆಯ ಜಾತಿಯದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ದುಬಾರಿಯದು ಬೇಡ. ಕಂಪನಿಗಳು ತೋರಿಸುವ ಶೇ. 20ರ ಏರು, ಎರಡು ಸಾವಿರ ವ್ಯಾಟು ಎಲ್ಲ ನಿಮ್ಮ ಮಗಳಿಗೆ ಕೆಲಸಕ್ಕೆ ಬರುವುದಿಲ್ಲ.

ಅಂಗಡಿಗೆ ಫೋನ್ ಮಾಡುವ ಮೊದಲು ಅವಳ ಸೈಕಲ್ಲಿನ ಹಿಂದಿನ ಗಾಲಿಯ ಹಲ್ಲುಚಕ್ರಗಳನ್ನು ಎಣಿಸಲು ಹೇಳಿ. ಎಂಟೋ, ಒಂಬತ್ತೋ, ಹನ್ನೊಂದೋ? ಟ್ರೈನರಿನ ಮೇಲೂ ಅಷ್ಟೇ ಇರಬೇಕು. ಈ ಚಕ್ರಗಳ ಗುಂಪಿಗೆ ಕ್ಯಾಸೆಟ್ ಅನ್ನುತ್ತಾರೆ. ಕೆಲವು ಟ್ರೈನರಿನ ಜೊತೆ ಅದು ಬರುತ್ತದೆ, ಕೆಲವಕ್ಕೆ ಬೇರೆ ಕೊಳ್ಳಬೇಕು. ಹನ್ನೊಂದರ ಅಳತೆಯ ಹಬ್ಬಿಗೆ, ಅಂದರೆ ಕ್ಯಾಸೆಟ್ ಕೂರುವ ಕೊಳವೆಗೆ, ಎಂಟು ಅಥವಾ ಒಂಬತ್ತರ ಕ್ಯಾಸೆಟ್ ಹಾಕುವಾಗ ಹಿಂದೆ 1.85 ಮಿಲಿಮೀಟರಿನ ಒಂದು ತೆಳು ಬಳೆ ಕೂರಿಸಬೇಕು. ಅದನ್ನು ಮರೆತರೆ ಕ್ಯಾಸೆಟ್ ಗಲಗಲ ಅಲುಗಾಡುತ್ತದೆ, ಮಂದಿ ಯಂತ್ರವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಿಂದಿನ ಗಾಲಿ ಬಿಚ್ಚುವುದು ಸಣ್ಣ ಹಿಡಿಕೆಯಿಂದಲೋ, ದಪ್ಪ ಆಕ್ಸಲ್ ಎಳೆದೋ ಎಂಬುದನ್ನೂ ಅಂಗಡಿಯವರಿಗೆ ಹೇಳಬೇಕು. ಮಗಳಿಗೆ ಇದೆಲ್ಲ ಗೊತ್ತಿರುತ್ತದೆ. ಕೇಳುವ ನೆಪದಲ್ಲಿ ಮಾಸ್ತರರನ್ನೂ ಅವಳ ಪಕ್ಕ ಕೂರಿಸಿ.

ಇನ್ನು ಜಾಗ. ಟ್ರೈನರಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಸೆಕೆಗೆ. ನಮ್ಮ ದೇಹ ಪೆಡಲಿಗೆ ಕೊಡುವ ಶಕ್ತಿಯ ಮೂರು ನಾಲ್ಕು ಪಟ್ಟನ್ನು ಬಿಸಿಯಾಗಿ ಹೊರಹಾಕುತ್ತದೆ. ಅವಳು 150 ವ್ಯಾಟ್ ತುಳಿದರೆ ಮೈಯಿಂದ 450ರಿಂದ 600 ವ್ಯಾಟಿನಷ್ಟು ಶಾಖ ಏಳುತ್ತದೆ. ರಸ್ತೆಯಲ್ಲಿ ಗಾಳಿಯೇ ಅದನ್ನು ಒಯ್ಯುತ್ತದೆ, ಮನೆಯೊಳಗೆ ಗಾಳಿ ನಾವೇ ತರಬೇಕು. ಏಪ್ರಿಲ್ಲಿನಲ್ಲಿ ಮಾಳಿಗೆಯ ಮೇಲಿನ ಆರ್‌ಸಿಸಿ ಕೋಣೆ ನಡುರಾತ್ರಿಯವರೆಗೂ ಕಾಯ್ದಿರುತ್ತದೆ, ಅಲ್ಲಿ ಇಡಲೇಬೇಡಿ. ಹಳೆಯ ಮಣ್ಣುಮಾಳಿಗೆಯ ಪಡಸಾಲೆ ಇದ್ದರೆ ಅದೇ ಉತ್ತಮ. ಮೇಜಿನ ಮೇಲಿಡುವ ಸಣ್ಣ ಫ್ಯಾನ್ ಸಾಲದು. ಮದುವೆ ಮಂಟಪದಲ್ಲಿ ನಿಲ್ಲಿಸುವ ದೊಡ್ಡ ಫ್ಯಾನ್ ಎದೆಗೆ ನೇರ ಬೀಸುವಂತೆ ಇರಲಿ. ಕೂಲರ್ ಹಚ್ಚುವುದಾದರೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರಿನ ತೇವ ತುಂಬಿಕೊಂಡರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಕರೆಂಟ್ ಬಿಲ್ಲಿನ ಚಿಂತೆ ಇದ್ದರೆ, ಟ್ರೈನರಿಗಿಂತ ಈ ಫ್ಯಾನೇ ಹೆಚ್ಚು ತಿನ್ನುತ್ತದೆ, ಅದೂ ದೊಡ್ಡದೇನಲ್ಲ.

ಪಡಸಾಲೆ ಅಂದೆ, ಆದರೆ ಬಂದುಹೋಗುವವರ ಕಣ್ಣೆದುರಿಗೆ ಬಿಗಿ ಬಟ್ಟೆಯಲ್ಲಿ ಬೆವರುತ್ತ ತುಳಿಯಲು ಅವಳಿಗೆ ಮುಜುಗರವೋ ಏನೋ. ಅವಳನ್ನೇ ಕೇಳಿ. ಒಂದು ಪರದೆ ಸಾಕಾಗಬಹುದು. ಅತ್ತೆಯವರಿಗೆ ನಿದ್ದೆ ಕೆಡುತ್ತದೆ ಎಂಬ ಭಯವಿದ್ದರೆ, ಸದ್ದಿಗಿಂತ ಅದುರುವಿಕೆ ಮುಖ್ಯ. ಫರಸಿ ಕಲ್ಲಿನ ಮೇಲೆ ನೇರ ಇಟ್ಟರೆ ಅದುರು ಗೋಡೆಯವರೆಗೂ ಹೋಗುತ್ತದೆ. ವಿದೇಶದ ದುಬಾರಿ ಚಾಪೆ ಬೇಡ, ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇದಕ್ಕೆ ಹೇಳಿಮಾಡಿಸಿದ್ದು. ಅದರ ಮೇಲೆ ಇಟ್ಟು, ಗೌಂಡಿಯವರ ರಸಮಟ್ಟ ಹಿಡಿದು ಕಾಲುಗಳನ್ನು ಸಮ ಮಾಡಿಕೊಳ್ಳಿ. ಹೊಳೆದಂಡೆಗೆ ಹತ್ತಿರದ ಮನೆಯಾದರೆ ಇನ್ನೊಂದು ಎಚ್ಚರ: 2019ರ ಆಗಸ್ಟಿನಲ್ಲಿ ಮಲಪ್ರಭೆ ಗುಡಿಗಳ ಅಂಗಳಕ್ಕೇ ನುಗ್ಗಿದ್ದು ನಿಮಗೆ ನೆನಪಿರಬೇಕು. ಈ ಯಂತ್ರ ಸುಮಾರು ಹದಿನೆಂಟು ಕಿಲೋ, ಇಬ್ಬರು ಹಿಡಿದು ಅಟ್ಟಕ್ಕೆ ಏರಿಸಬಹುದು. ಮಳೆಗಾಲದಲ್ಲಿ ಪ್ಲಗ್ ನೆಲಮಟ್ಟದಲ್ಲಿ ಇರದಂತೆ ನೋಡಿಕೊಳ್ಳಿ.

ಕರೆಂಟ್ ಹೋದರೆ? ಹೆಚ್ಚಿನ ಟ್ರೈನರುಗಳಲ್ಲಿ ಆ ಕ್ಷಣವೇ ಬಿಗಿ ತಪ್ಪಿ ಪೆಡಲು ಹಗುರಾಗಿಬಿಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸಾಲಿಗೆ ಸೇರಿಸಿ, ಅದಕ್ಕೆ ಹೊರೆಯಾಗುವುದಿಲ್ಲ. ಪ್ಲಗ್ ಇಲ್ಲದೆಯೂ ನಡೆಯುವ ಟ್ಯಾಕ್ಸ್ ನಿಯೋ ಎಂಬುದಿದೆ, ಅದರ ಬೆಲೆ ಕೇಳಿದರೆ ಅತ್ತೆಯವರ ಮಾತನ್ನು ನಾನೂ ಒಪ್ಪಬೇಕಾದೀತು.

ಆ್ಯಪ್ ವಿಷಯದಲ್ಲಿ ಜ್ವಿಫ್ಟ್ ಹೆಸರು ಮಗಳು ಹೇಳಿರುತ್ತಾಳೆ. ಅದು ತಿಂಗಳಿಗೆ ಹಣ ಕೇಳುತ್ತದೆ. ಮೈವೂಶ್ ಎಂಬುದು ಪುಕ್ಕಟೆ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2024ರ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ಪನ್ನು ಇದರಲ್ಲೇ ನಡೆಸಿತು, ಆದ್ದರಿಂದ ಪುಕ್ಕಟೆ ಅಂತ ಕಡೆಗಣಿಸಬೇಡಿ. ಮೊದಲ ದಿನ ಹತ್ತು ನಿಮಿಷ ತುಳಿದು ಯಂತ್ರ ಬಿಸಿಯಾದ ಮೇಲೆ, ಕಂಪನಿಯ ಆ್ಯಪಿನಲ್ಲಿ ಅಳತೆ ಸರಿಪಡಿಸುವ ಕ್ರಮ ಇರುತ್ತದೆ, ಅದನ್ನು ಮಾಡಿಕೊಳ್ಳಲಿ. ಟ್ರೈನರ್ ಫೋನಿಗೆ ಸಿಗುತ್ತಿಲ್ಲ ಅಂತ ಗೋಳಾಡುವವರು ಬಹಳ. ಮುಕ್ಕಾಲು ಪಾಲು ಸಂದರ್ಭದಲ್ಲಿ ಅಣ್ಣನ ಫೋನೋ ಅಪ್ಪನ ಫೋನೋ ಆಗಲೇ ಬ್ಲೂಟೂತಿನಲ್ಲಿ ಅದನ್ನು ಹಿಡಿದುಕೊಂಡಿರುತ್ತದೆ.

ವ್ಯಾಟ್ ಗುರಿಯನ್ನು ಯಂತ್ರವೇ ಹಿಡಿದು ನಿಲ್ಲಿಸುವ ಒಂದು ಪದ್ಧತಿ ಇದೆ, ಇ-ಆರ್-ಜಿ ಅಂತ. ಅದರಲ್ಲಿ ಪೆಡಲಿನ ವೇಗ ಇಳಿದಷ್ಟೂ ಯಂತ್ರ ಬಿಗಿಯಾಗುತ್ತ ಹೋಗಿ ಕೊನೆಗೆ ಕಾಲು ನಿಂತೇಹೋಗುತ್ತದೆ. ಹಾಗಾದಾಗ ಹಟ ಮಾಡಿ ತುಳಿಯಬಾರದು, ಒಂದು ಕ್ಷಣ ಬಿಟ್ಟು ವೇಗ ಹಿಡಿದುಕೊಳ್ಳಬೇಕು. ಭುಜಕ್ಕೆ ಪೆಟ್ಟಾದವಳು ಬೇರೆ. ಮನೆಯೊಳಗೆ ಸೈಕಲ್ ಅಲ್ಲಾಡುವುದಿಲ್ಲವಾದ್ದರಿಂದ ಕೈ ಮೇಲೆ, ಕೂರುವ ಜಾಗದ ಮೇಲೆ ಒಂದೇ ಕಡೆ ಭಾರ ಬೀಳುತ್ತದೆ. ಆಗಾಗ ಎದ್ದು ನಿಂತು ತುಳಿಯಲಿ. ಎಲುಬಿನ ಡಾಕ್ಟರರ ಒಪ್ಪಿಗೆ ಇಲ್ಲದೆ ಶುರು ಮಾಡುವುದು ಬೇಡ. ಮುಗಿದ ಮೇಲೆ ಹ್ಯಾಂಡಲ್ ಒರೆಸಬೇಕು, ತುಳಿಯುವಾಗ ಅದರ ಮೇಲೊಂದು ಟವಲ್ ಇರಬೇಕು. ಬೆವರಿನ ಉಪ್ಪು ಬೋಲ್ಟುಗಳನ್ನು ತಿಂದುಹಾಕುತ್ತದೆ.

ಈಗ ಯಂತ್ರದ ಅಂಗಡಿಯವರು ಹೇಳದ ಒಂದು ಮಾತು, ತಾಯಿಗೆ ಮಾತ್ರ. ಈ ಆ್ಯಪುಗಳು ವ್ಯಾಟನ್ನು ಮೈತೂಕದಿಂದ ಭಾಗಿಸಿ ತೋರಿಸುತ್ತವೆ. ಒಂದು ಕಿಲೋಗೆ ಇಷ್ಟು ವ್ಯಾಟ್ ಎಂದು ಪರದೆಯ ಮೇಲೆ ದಿನವೂ ಬರುತ್ತದೆ. ಹದಿನೇಳರ ಹುಡುಗಿ ಆ ಸಂಖ್ಯೆ ಏರಿಸಲು ಸುಲಭದ ದಾರಿ ಹುಡುಕುತ್ತಾಳೆ: ರೊಟ್ಟಿ ಕಡಿಮೆ ಮಾಡುತ್ತಾಳೆ. ನೀವು ಅವಳ ತಟ್ಟೆ ನೋಡುತ್ತಿರಿ. ಮುಟ್ಟು ತಪ್ಪಿದರೆ, ಸಣ್ಣಪುಟ್ಟ ಜ್ವರ ಬಿಡದೆ ಬಂದರೆ, ಸಿಡುಕು ಹೆಚ್ಚಾದರೆ, ದುಡಿತಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಗೆ ಒಂದು ಹೆಸರಿಟ್ಟು ಎಚ್ಚರಿಸಿದೆ. ಇದರಿಂದ ಎಲುಬೂ ದುರ್ಬಲವಾಗುತ್ತದೆ, ಅವಳದು ಆಗಲೇ ಒಮ್ಮೆ ಮುರಿದ ಎಲುಬು. ಮುಟ್ಟು ಮೂರು ತಿಂಗಳು ಬಾರದಿದ್ದರೆ ಡಾಕ್ಟರರ ಹತ್ತಿರ ಹೋಗಲೇಬೇಕು. "ಆಟಗಾರ್ತಿಯರಿಗೆ ಹಂಗ ಆಕ್ಕೈತಿ" ಎಂದು ಯಾರಾದರೂ ಅಂದರೆ ನಂಬಬೇಡಿ.

ಕೊನೆಗೆ ರೊಕ್ಕ. ಮಗನ ಫೀಸಿಗೆ ಕೈ ಹಾಕಬೇಕಾಗಿ ಬಂದರೆ ಈ ವರ್ಷ ಸ್ಮಾರ್ಟ್ ಬೇಡ. ಸಾದಾ ಟ್ರೈನರ್, ಎದೆಗೆ ಕಟ್ಟುವ ನಾಡಿಬಡಿತದ ಪಟ್ಟಿ, ಆ ದೊಡ್ಡ ಫ್ಯಾನ್, ಇಷ್ಟರಲ್ಲಿ ಈ ಸೀಜನ್ ದಾಟಬಹುದು. ಅವಳಿಗೆ ಕಲಿಸಿದ ಕೋಚ್ ಯಾರಾದರೂ ಇದ್ದರೆ, ಅವರು ವ್ಯಾಟ್ ಲೆಕ್ಕದಲ್ಲಿ ಅಭ್ಯಾಸ ಬರೆದುಕೊಡುತ್ತಾರೋ ಇಲ್ಲವೋ ಕೇಳಿ. ಬರೆದುಕೊಡುವವರಿದ್ದರೆ ಸ್ಮಾರ್ಟ್ ಟ್ರೈನರಿಗೆ ಅರ್ಥವಿದೆ, ಇಲ್ಲದಿದ್ದರೆ ನೀವು ಅರವತ್ತು ಸಾವಿರ ಕೊಟ್ಟು ಒಂದು ವಿಡಿಯೋ ಗೇಮ್ ತಂದಂತೆ. ಬೆಂಗಳೂರಿನಲ್ಲಿ ಹುರುಪಿನಿಂದ ಕೊಂಡು ಮೂಲೆಗೆ ತಳ್ಳಿದ ಟ್ರೈನರುಗಳು ಸೆಕೆಂಡ್ ಹ್ಯಾಂಡಿಗೆ ಸಿಗುತ್ತವೆ. ಆದರೆ ತುಳಿದು ನೋಡದೆ ಹಣ ಕಳಿಸಬೇಡಿ. ಹೊಸದು ತಂದರೆ ಬಂದ ಪೆಟ್ಟಿಗೆಯನ್ನು ಒಳಗಿನ ಥರ್ಮಾಕೋಲ್ ಸಮೇತ ಅಟ್ಟದ ಮೇಲೆ ಇಡಿ. ವಾರಂಟಿಯಲ್ಲಿ ರಿಪೇರಿಗೆ ಕಳಿಸಬೇಕಾಗಿ ಬಂದರೆ, ಹದಿನೆಂಟು ಕಿಲೋದ ಕಬ್ಬಿಣವನ್ನು ಬೇರೆ ಡಬ್ಬಿಯಲ್ಲಿ ಕಟ್ಟಲು ಬಾದಾಮಿಯಲ್ಲಿ ಯಾರೂ ಸಿಗಲಿಕ್ಕಿಲ್ಲ.