ಸೊನ್ನೆಗೆ ಬರಬೇಕಾದ ಮೊತ್ತ: ಫುಟ್ಬಾಲ್ ಅಂಕಪಟ್ಟಿಯಿಂದ ಪೂರ್ಣಾಂಕಗಳ ಪಾಠ

ತರಗತಿ: 7 | ವಿಷಯ: ಗಣಿತ | ಘಟಕ: ಪೂರ್ಣಾಂಕಗಳು | ಅವಧಿ: 40 ನಿಮಿಷ
ಸ್ಥಳ: ಹರದನಹಳ್ಳಿಯ ಶಾಲೆಯೊಂದು (ಬೋಧನಾ ಅಭ್ಯಾಸ)

ಉದ್ದೇಶಗಳು: ವಿದ್ಯಾರ್ಥಿಗಳು ಋಣ ಪೂರ್ಣಾಂಕಗಳನ್ನು ಹೋಲಿಸುವರು, ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆಯುವರು, ಉತ್ತರವನ್ನು ತಾವೇ ತಾಳೆ ನೋಡುವರು.

ಪೀಠಿಕೆ
ಸಾಲ-ಉಳಿತಾಯದ ಉದಾಹರಣೆ ಮಕ್ಕಳಿಗೆ ಹಳೆಯದಾಗಿತ್ತು. ಆದ್ದರಿಂದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ತಂಡದ ಕಥೆಯಿಂದ ಆರಂಭಿಸಿದೆ. ಈ ತಂಡ 2023ರಲ್ಲಿ ಐ-ಲೀಗ್ 3ರಿಂದ ಐ-ಲೀಗ್ 2ಕ್ಕೂ, 2024ರಲ್ಲಿ ಅಲ್ಲಿಂದ ಐ-ಲೀಗ್‌ಗೂ ಬಡ್ತಿ ಪಡೆಯಿತು. 2024-25ರ ಸಾಲಿನಲ್ಲಿ ಮತ್ತೆ ಕೆಳಗಿಳಿಯಿತು. ಏರುವುದು, ಇಳಿಯುವುದು ತೀರ್ಮಾನವಾಗುವುದು ಅಂಕಪಟ್ಟಿಯಲ್ಲಿ: ಗೆಲುವಿಗೆ 3, ಸಮಕ್ಕೆ 1, ಸೋಲಿಗೆ 0. ಇದೇ ಪಟ್ಟಿ 13 ವರ್ಷದೊಳಗಿನವರ ಲೀಗ್‌ಗೂ ಇದೆ ಎಂದಾಗ ಮಕ್ಕಳು ನೆಟ್ಟಗೆ ಕುಳಿತರು. ಅದು ಅವರದೇ ವಯಸ್ಸು.

ಪಾಠ ಬೆಳವಣಿಗೆ
ಮೂರು ಮೂರು ಪಂದ್ಯ ಆಡಿದ ನಾಲ್ಕು ಕಾಲ್ಪನಿಕ ತಂಡಗಳನ್ನು ಹಲಗೆಯ ಮೇಲೆ ಬರೆದೆ.

ತಂಡ | ಹೊಡೆದ ಗೋಲು | ಬಿಟ್ಟುಕೊಟ್ಟ ಗೋಲು | ಅಂಕ
ಕ | 8 | 2 | 7
ಖ | 3 | 4 | 4
ಗ | 1 | 3 | 1
ಘ | 4 | 7 | 4

ಖ ಮತ್ತು ಘ ತಂಡಗಳ ಅಂಕ ಸಮ. ಅವರಿಬ್ಬರ ನಡುವಿನ ಪಂದ್ಯವೂ 2-2 ಸಮ. ಎರಡನೇ ಸ್ಥಾನ ಯಾರಿಗೆ? ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಗೋಲು ಅಂತರ ಸಿಗುತ್ತದೆ: ಖ ತಂಡಕ್ಕೆ -1, ಘ ತಂಡಕ್ಕೆ -3. ಕೆಲವರು 3 ದೊಡ್ಡದೆಂದು ಘ ತಂಡವನ್ನು ಮೇಲಿಟ್ಟರು. "ಹೆಚ್ಚು ಗೋಲು ಬಿಟ್ಟುಕೊಟ್ಟವರು ಮೇಲೆ ಹೋಗಬಹುದೇ?" ಎಂದು ಕೇಳಿ, ಸಂಖ್ಯಾರೇಖೆಯನ್ನು ಏಣಿಯಂತೆ ನಿಲ್ಲಿಸಿ ಬರೆದೆ. ಸೊನ್ನೆಯ ಕೆಳಗೆ ಒಂದು ಮೆಟ್ಟಿಲಲ್ಲಿ ಖ, ಮೂರನೇ ಮೆಟ್ಟಿಲಲ್ಲಿ ಘ. ಮತ್ತೆ ವಿವರಿಸಬೇಕಾಗಲಿಲ್ಲ.

ತಪ್ಪು ನಡೆದದ್ದು
ಗ ತಂಡದ ಅಂತರವನ್ನು ನಾನು +2 ಎಂದು ಬರೆದುಬಿಟ್ಟೆ. ನಂತರ ಎಲ್ಲ ಅಂತರಗಳನ್ನೂ ಕೂಡಿಸಲು ಹೇಳಿದೆ. ಹಿಂದಿನ ಸಾಲಿನ ಹುಡುಗಿ ಎದ್ದು, "ಮಿಸ್, 4 ಬರ್ತದೆ. ಒಬ್ರು ಹೊಡೆದ್ರೆ ಇನ್ನೊಬ್ರಿಗೆ ಬಿದ್ದಿರ್ಬೇಕಲ್ವಾ? ಆ 4 ಎಲ್ಲಿಂದ ಬಂತು?" ಎಂದಳು. ಮಾರ್ಗದರ್ಶಕರು ಹಿಂದೆಯೇ ಕುಳಿತು ವೀಕ್ಷಿಸುತ್ತಿದ್ದರು. "ಆಮೇಲೆ ನೋಡೋಣ, ಕೂತ್ಕೋ" ಎಂಬ ಮಾತು ಬಾಯಿಯವರೆಗೆ ಬಂದಿತ್ತು. ತಡೆದುಕೊಂಡು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಅವಳು ಪ್ರತಿ ಸಾಲನ್ನೂ ಪರೀಕ್ಷಿಸಿ, +2 ಅಳಿಸಿ -2 ಬರೆದಳು: 6 - 1 - 2 - 3 = 0.

ಪ್ರತಿ ಗೋಲೂ ಒಂದು ತಂಡಕ್ಕೆ +1, ಎದುರಾಳಿಗೆ -1. ಆದ್ದರಿಂದ ಲೀಗ್ ಎಷ್ಟೇ ದೊಡ್ಡದಿರಲಿ, ತಂಡಗಳು ಪರಸ್ಪರ ಆಡಿದ ಪಂದ್ಯಗಳಷ್ಟೇ ಪಟ್ಟಿಯಲ್ಲಿದ್ದರೆ ಅಂತರಗಳ ಮೊತ್ತ ಸೊನ್ನೆ. ನನ್ನ ಯೋಜನೆಯಲ್ಲಿ ಇದು ಕೊನೆಯ ಎರಡು ನಿಮಿಷದ ಸಾರಾಂಶವಾಗಿತ್ತು. ಆ ಹುಡುಗಿ ಅದನ್ನೇ ಪಾಠದ ನಡುಭಾಗವಾಗಿಸಿದಳು.

ಮೌಲ್ಯಮಾಪನ
ಮೂರು ತಂಡಗಳ ಅಂತರ +5, -4, +2 ಆದರೆ ನಾಲ್ಕನೆಯದು ಎಷ್ಟು? (ಉತ್ತರ: -3)

ಮರುಚಿಂತನೆ
1ರಿಂದ 3 ಕಳೆಯುವಾಗ ನನ್ನ ಕೈ ತಾನಾಗಿಯೇ 3ರಿಂದ 1 ಕಳೆದಿತ್ತು. "ಚಿಕ್ಕದರಿಂದ ದೊಡ್ಡದು ಹೋಗುವುದಿಲ್ಲ" ಎಂಬ ಕೆಳ ತರಗತಿಯ ಅಭ್ಯಾಸವೇ ಅದಕ್ಕೆ ಕಾರಣ. ಮಕ್ಕಳಲ್ಲಿ ನಾವು ತಿದ್ದಲು ಹೊರಡುವ ತಪ್ಪೂ ಅದೇ. ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ಒಂದು ಸೂಚನೆ: ಪಾಠಯೋಜನೆಯಲ್ಲಿ ಶಿಕ್ಷಕರ ಉತ್ತರವನ್ನೂ ಮಕ್ಕಳು ತಾಳೆ ನೋಡಬಹುದಾದ ಒಂದು ಹಂತವಿರಲಿ, ಮತ್ತು ಅದು ಕೊನೆಯ ಗಂಟೆ ಹೊಡೆಯುವ ಮೊದಲೇ ಬರಲಿ.