ಕೆಂಪು ಪೆನ್ನು ಎತ್ತುವ ಮೊದಲು

ನಾಲ್ಕನೇ ತರಗತಿಗೆ ಕನ್ನಡ ಪಾಠ ನಿನ್ನ ಪಾಲಿಗೆ ಬಂದಿದೆ ಅಂದೆಯಲ್ಲ ಮಗಳೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. 'ನಮ್ಮೂರ ಜಾತ್ರೆ' ಬರೆಯಿರಿ ಅಂದರೆ ಒಬ್ಬ ಹುಡುಗ ಎರಡೇ ಸಾಲು ಬರೆದು ಕೂತಿರುತ್ತಾನೆ. ಹತ್ತಕ್ಕೆ ಎರಡು ಹಾಕಿ ಪುಸ್ತಕ ಮುಚ್ಚಬೇಡ. ಅವನ ಕೈ ಸೋತಿತೋ, ಕಾಗುಣಿತ ಕೈಕೊಟ್ಟಿತೋ, ವಾಕ್ಯ ಕಟ್ಟಲು ಬರಲಿಲ್ಲವೋ, ಎಲ್ಲಿಂದ ಶುರು ಮಾಡಬೇಕೆಂದೇ ತೋಚಲಿಲ್ಲವೋ, ಅಂಕ ಅದನ್ನು ಹೇಳುವುದಿಲ್ಲ.

• ಮೊದಲು ಬಾಯಲ್ಲಿ ಹೇಳಿಸು. ಪಕ್ಕದಲ್ಲಿ ಕೂರಿಸಿಕೊಂಡು ಜಾತ್ರೆಯ ಬಗ್ಗೆ ಕೇಳು, ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೋ. ತೇರು, ಕಡ್ಲೆಪುರಿ, ಕಳೆದುಹೋದ ಚಪ್ಪಲಿ ಎಲ್ಲವೂ ಬಂದರೆ ಹೇಳುವುದಕ್ಕೆ ಅವನಲ್ಲಿ ಕೊರತೆಯಿಲ್ಲ, ತೊಡಕು ಅಕ್ಷರದಲ್ಲೋ ಕೈಯಲ್ಲೋ ಇದೆ. ಬಾಯಲ್ಲೂ ಎರಡೇ ಮಾತಾದರೆ ಕಾಪಿ ತಿದ್ದಿಸಿ ಫಲವಿಲ್ಲ. ಕಥೆ ಹೇಳು, ಅವನಿಂದ ಹೇಳಿಸು. ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿದ್ದರೆ ಆ ಮಾತಿನಲ್ಲೂ ಒಮ್ಮೆ ಹೇಳಲು ಬಿಡು.

• ಆಮೇಲೆ ನಕಲು, ಉಕ್ತಲೇಖನ, ಸ್ವಂತ ಬರಹ ಮೂರನ್ನೂ ಬೇರೆ ಬೇರೆ ದಿನ ಬರೆಸಿ ಪಕ್ಕಪಕ್ಕ ಇಟ್ಟು ನೋಡು. ನಕಲೇ ತಡವರಿಸಿದರೆ ಕೈ ಅಥವಾ ಕಣ್ಣು. ನಕಲು ಸರಿಯಾಗಿ ಉಕ್ತಲೇಖನ ಕೆಟ್ಟರೆ, ಕೇಳಿದ ಧ್ವನಿಗೆ ಅಕ್ಷರ ಹೊಂದಿಸುವಲ್ಲಿ ತೊಂದರೆ. ಮೂರನೆಯದು ಮಾತ್ರ ಬಡವಾಗಿದ್ದರೆ ವಾಕ್ಯ ಮತ್ತು ಜೋಡಣೆಯ ಕಡೆ ಹೋಗು.

• ಬೋರ್ಡಿನಿಂದ ನಕಲು ಮಾಡುವಾಗ ತಪ್ಪಿ, ಮುಂದಿಟ್ಟ ಹಾಳೆಯಿಂದ ಸರಿಯಾಗಿ ಬರೆದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಲು ಹೇಳು.

• ಉಕ್ತಲೇಖನದ ತಪ್ಪುಗಳನ್ನು ಬರೀ ಎಣಿಸಬೇಡ, ವಿಂಗಡಿಸು. ನಿನ್ನ ಹೆಚ್ಚಿನ ಸಮಯ ಇಲ್ಲಿಗೇ ಮೀಸಲಿರಲಿ. 'ಕಾಡು' 'ಕಡು' ಆದರೆ ದೀರ್ಘ ಹಿಡಿದಿಲ್ಲ. 'ಅಕ್ಕ' 'ಅಕ' ಆದರೆ ಒತ್ತು ಹಿಡಿದಿಲ್ಲ. 'ಸೂರ್ಯ' 'ಸೂಯ್ರ' ಆದರೆ ಎರಡೂ ಧ್ವನಿ ಅವನಿಗೆ ಕೇಳಿವೆ, ಕ್ರಮವಷ್ಟೇ ತಿರುಗಿದೆ. ಅರ್ಕಾವತ್ತನ್ನು ಮೊದಲು ನುಡಿದು ಆಮೇಲೆ ಬರೆಯುತ್ತೇವೆ, ಮಕ್ಕಳಿಗೆ ಅದು ನಿಜಕ್ಕೂ ಕಷ್ಟ. ಇನ್ನು ಮಂಡ್ಯದ ಕಡೆಯ ಹಳ್ಳಿ ಹುಡುಗ 'ಹಾಲು' ಬದಲು 'ಆಲು' ಬರೆದರೆ, 'ಭೂಮಿ' 'ಬೂಮಿ' ಆದರೆ, ತನ್ನ ಮನೆಯಲ್ಲಿ ಕೇಳಿದ್ದನ್ನೇ ಅವನು ಬರೆದಿದ್ದಾನೆ. ಅದು ದಡ್ಡತನವಲ್ಲ. ದೀರ್ಘ, ಒತ್ತುಗಳನ್ನು ಮೊದಲು ಹಿಡಿ, ಹಕಾರ ಮಹಾಪ್ರಾಣಗಳು ಓದುತ್ತಾ ಓದುತ್ತಾ ಬರುತ್ತವೆ.

• ಬಿಡಿ ಪದವಾಗಿ ಸರಿ ಬರೆದದ್ದನ್ನೇ ಏಳು ಪದದ ವಾಕ್ಯದಲ್ಲಿ ತಪ್ಪಿದರೆ, ಅಷ್ಟನ್ನು ಒಟ್ಟಿಗೆ ನೆನಪಿನಲ್ಲಿ ಇಟ್ಟುಕೊಳ್ಳುವುದು ಅವನಿಗೆ ಭಾರ. ಮೂರು ಪದದಿಂದ ಶುರು ಮಾಡಿ ನಿಧಾನಕ್ಕೆ ಏರಿಸು.

• ಕೈಯ ವೇಗ ತಿಳಿಯಲು, ಬಾಯಿಪಾಠ ಇರುವ ಒಂದು ವಾಕ್ಯವನ್ನು ಒಂದು ನಿಮಿಷ ಮತ್ತೆ ಮತ್ತೆ ಬರೆಸಿ ಅಕ್ಷರ ಎಣಿಸು, ದಿನಾಂಕ ಹಾಕು. ಪಕ್ಕದವನ ಜೊತೆ ಹೋಲಿಸಬೇಡ, ಅವನದೇ ಮುಂದಿನ ತಿಂಗಳ ಹಾಳೆಯ ಜೊತೆ ಹೋಲಿಸು. ಅಕ್ಷರ ದುಂಡಗಿದೆ ಎಂದು ಪ್ರಬಂಧಕ್ಕೆ ಅಂಕ ಕೊಡುವ ರೂಢಿ ನಮ್ಮಲ್ಲಿ ಬಲವಾಗಿದೆ, ನೀನಾದರೂ ಬಿಡು.

• 'ಮಳೆ ಬಂತು. ನಾವು ಒಳಗೆ ಓಡಿದೆವು.' ಇವೆರಡನ್ನು ಒಂದು ಮಾಡು ಅನ್ನು. 'ಮಳೆ ಬಂದದ್ದರಿಂದ' ಎಂದೋ 'ಮಳೆ ಬಂದಾಗ' ಎಂದೋ ಹೊರಟರೆ ವಾಕ್ಯದ ಕಸುವು ಇದೆ. ಕ್ರಮ ತಪ್ಪಿಸಿಟ್ಟ ನಾಲ್ಕು ಚಿತ್ರ ಕೊಟ್ಟು ಜೋಡಿಸಿ ಹೇಳಿಸಿದರೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಚಿಸುತ್ತಾನೋ ಇಲ್ಲವೋ ತಿಳಿಯುತ್ತದೆ.

• ಇಷ್ಟೆಲ್ಲ ಮಾಡಿ, ತಿಂಗಳುಗಟ್ಟಲೆ ಕಲಿಸಿದರೂ ಮಾತಿನಲ್ಲಿ ಚುರುಕಾಗಿರುವ ಮಗು ಓದುಬರಹದಲ್ಲಿ ನಿಂತಲ್ಲೇ ನಿಂತಿದ್ದರೆ ಸೋಮಾರಿ ಅನ್ನಬೇಡ, ಯಾವ ಕಾಯಿಲೆಯ ಹೆಸರನ್ನೂ ನೀನಾಗಿ ಇಡಬೇಡ. ಇಂಥ ಮಗುವಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು; ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಿಳಿದವರಿದ್ದಾರೆ. ಅಪ್ಪ ಅಮ್ಮನನ್ನು ಕರೆದು, ಬೈಯದೆ, ಕಂಡದ್ದನ್ನು ಹೇಳು. ಅವರು ಆ ಸಂಸ್ಥೆಗಳಿಗೆ ಹೊರಡುವಾಗ ದಿನಾಂಕ ಹಾಕಿದ ಆ ಹಾಳೆಗಳನ್ನೆಲ್ಲ ಕೈಗೆ ಕೊಡು; ಮಗು ತರಗತಿಯಲ್ಲಿ ಹೇಗೆ ಬರೆಯುತ್ತದೆ ಎಂಬುದು ಅಲ್ಲಿನವರಿಗೆ ಅದರಿಂದ ತಿಳಿಯುತ್ತದೆ.